ಮೈನಸ್ ಒಂಬತ್ತು

"ಒಂಬತ್ತನೇ ಕ್ಲಾಸಲ್ಲೇ ಸ್ಕೂಲು ಬಿಟ್ಟು ಓಡಿಹೋದೋನು, ನೀನೇನಯ್ಯ ಪೋಷಕ? ನಿನಗೆ ಗೊತ್ತಿರೋ ಲೆಕ್ಕ ಅಂದ್ರೆ ತಟ್ಟೆಗೆ ಆರು ಪೂರಿ. ಅಷ್ಟೇ ತಾನೆ?"

ಸುಧಾಕರ್ ಮೇಷ್ಟ್ರು ಇದನ್ನು ಪಕ್ಕಕ್ಕೆ ಕರೆದು ಹೇಳಲಿಲ್ಲ. ಬಂಗಾರಪೇಟೆಯ ಆ ಹೈಸ್ಕೂಲಿನ ಹತ್ತನೇ ತರಗತಿಯ ಕೋಣೆಯಲ್ಲಿ, ಮಕ್ಕಳ ಬೆಂಚಿನೊಳಗೆ ಮೊಣಕಾಲು ತೂರಿಸಲಾಗದೆ ಓರೆಯಾಗಿ ಕೂತಿದ್ದ ಅಷ್ಟೂ ಅಪ್ಪ ಅಮ್ಮಂದಿರ ಎದುರಿಗೆ, ಕರಿಹಲಗೆಗೆ ಬೆನ್ನು ಕೊಟ್ಟು ನಿಂತು, ಗಂಟಲೆತ್ತಿ ಹೇಳಿದರು. ಮುಂದಿನ ಬೆಂಚಿನ ಹೆಂಗಸೊಬ್ಬರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅವರೊಬ್ಬರೇ ನಕ್ಕಿದ್ದರೆ ಕಾಂತರಾಜ್ ತಡೆದುಕೊಳ್ಳುತ್ತಿದ್ದನೇನೋ. ಇಡೀ ಕೋಣೆ ಕಿಸಕ್ಕೆಂದಿತು.

ತಂಗಿ ಪುಷ್ಪ ಗೋಡೆಗೆ ಒರಗಿ ನಿಂತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

"ಬೀಜಗಣಿತದಲ್ಲಿ ಇವಳು ಬರೆದಿದ್ದಕ್ಕಿಂತ ಬಿಟ್ಟ ಜಾಗವೇ ಜಾಸ್ತಿ" ಎಂದು ಮೇಷ್ಟ್ರು ಮುಂದುವರಿಸಿದರು. "ಹೋಮ್‌ವರ್ಕು ತರಲ್ಲ. ತಂದರೆ ರಾಧಳದ್ದನ್ನ ರೈಲಲ್ಲಿ ನೋಡಿ ಗೀಚಿದ್ದು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಂಬತ್ತಕ್ಕೆ ನಲವತ್ತು ತೆಗೆದರೆ ಸರಿ. ಇಲ್ಲಾಂದ್ರೆ ಈ ವರ್ಷ ನಮ್ಮ ಸ್ಕೂಲಿಂದ ಕೂರಿಸಲ್ಲ. ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಿಕೊಳ್ಳಲಿ. ನನ್ನ ರಿಸಲ್ಟು ಕೆಡಿಸೋಕೆ ಬಿಡಲ್ಲ ನಾನು."

ಪ್ರೈವೇಟಾಗಿ ಕಟ್ಟುವುದು ಎಂದರೇನು ಎಂದು ಮುಚ್ಚಿದ ಚಿನ್ನದ ಗಣಿಯ ಉರಿಗಾಂ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟುತ್ತೇನೆ ಕಟ್ಟುತ್ತೇನೆ ಅನ್ನುತ್ತಲೇ ಹುಡುಗಿಯರು ಬಟ್ಟೆ ಫ್ಯಾಕ್ಟರಿಯ ಬಸ್ಸು ಹತ್ತುತ್ತಾರೆ, ಹುಡುಗರು ಯಾವುದಾದರೂ ಅಂಗಡಿಯ ಒಲೆ ಮುಂದೆ ನಿಲ್ಲುತ್ತಾರೆ. ಕಾಂತರಾಜನೂ ಹಾಗೆ ನಿಂತವನೇ. ಒಂಬತ್ತನೇ ತರಗತಿಯಲ್ಲಿ ಇದೇ ಮೇಷ್ಟ್ರು ಇದೇ ಕಿಟಕಿಯಿಂದ ಅವನ ಲೆಕ್ಕದ ಪುಸ್ತಕವನ್ನು ಆಚೆ ಎಸೆದು "ಹೋಗಿ ತಗೊಂಡು ಬಾ" ಅಂದಿದ್ದರು. ತರಲು ಹೋದವನು ವಾಪಸ್ ಬರಲಿಲ್ಲ. ಈಗ ಬಸ್‌ಸ್ಟ್ಯಾಂಡ್ ಹತ್ತಿರ ಮುನಿರಾಜಣ್ಣನ ಪಾನಿಪುರಿ ಅಂಗಡಿಯಲ್ಲಿ ಬಾಂಡ್ಲಿ ಮುಂದೆ ನಿಂತು ಪೂರಿ ಕರಿಯುತ್ತಾನೆ. ಬಂಗಾರಪೇಟೆಯ ಪಾನಿ ನೋಡಲು ಕುಡಿಯುವ ನೀರಿನಷ್ಟೇ ತಿಳಿ, ಬಾಯಿಗಿಟ್ಟರೆ ನೆತ್ತಿಗೇರುತ್ತದೆ. ಕಾಂತರಾಜನ ಮುಖವೂ ಹಾಗೇ. ಗೊತ್ತಿಲ್ಲದವರಿಗೆ ಏನೂ ಕಾಣುವುದಿಲ್ಲ.

ಅಂದು ಸಂಜೆಯ ರೈಲಿನಲ್ಲಿ ಬಾಗಿಲ ಬಳಿ ನಿಂತು ಪುಷ್ಪ ಗುರ್ ಎಂದಳು. "ನೀನ್ಯಾಕಣ್ಣ ಬಂದೆ? ಅಮ್ಮ ಬರ್ಬೇಕಿತ್ತು."

"ಅಮ್ಮ ಟೊಮೇಟೊ ಕೀಳಕ್ಕೆ ಓಗವ್ಳೆ. ಬಂದಿದ್ರೆ ಅವಳ್ಗೂ ಇದೇ ಮಂಗಳಾರತಿ."

"ಅಮ್ಮ ಆಗಿದ್ರೆ ಅತ್ತುಬಿಡೋಳು, ಮೇಷ್ಟ್ರು ಸುಮ್ನಾಗೋರು. ನೀನು ಗುರಾಯಿಸ್ಕೊಂಡು ನಿಂತೆ. ಅದಕ್ಕೇ ಇನ್ನೂ ಎರಡು ಜಾಸ್ತಿ ಅಂದ್ರು."

"ಅಂದ್ಕೊಳ್ಲಿ. ನಲವತ್ತು ತಾನೆ? ನಲವತ್ತಲ್ಲ ಕಣೇ, ಅವನ ತಲೆ ಮೇಲೆ ಕೂರೋ ಅಷ್ಟು ತೆಗಿಸ್ತೀನಿ ನಿನ್ ಕೈಲಿ!"

"ನೀನಾ? ನಿಂಗೆ ಏನ್ ಬತ್ತದೆ?"

ಸರಿಯಾದ ಪ್ರಶ್ನೆ. ಕಾಂತರಾಜ್ ಅವಳ ಚೀಲದಿಂದ ಪುಸ್ತಕ ಎಳೆದು ತೆಗೆದ. ವರ್ಗ ಸಮೀಕರಣಗಳು. ಪುಟದ ತುಂಬ ಎಕ್ಸುಗಳು, ಅವುಗಳ ಹೆಗಲ ಮೇಲೆ ಪುಟಾಣಿ ಎರಡುಗಳು. ಒಂದು ಸಾಲೂ ತಲೆಗೆ ಹೋಗಲಿಲ್ಲ. ಆದರೆ ಪುಸ್ತಕದ ಕೊನೆಯಲ್ಲಿ ಉತ್ತರಗಳಿದ್ದವು. ಲೆಕ್ಕ ಬಾರದವನೂ ಉತ್ತರ ಸರಿಯೋ ತಪ್ಪೋ ಅಂತ ನೋಡಬಹುದಲ್ಲ! ಇಷ್ಟು ಸಾಕು ಅನ್ನಿಸಿತು ಅವನಿಗೆ. ಕೋಪ ಒಂದಿದ್ದರೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ ಎನ್ನುವುದು ಅವನ ನಂಬಿಕೆ.

ಮಾರನೆಯ ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬಂದ ರೈಲಿಗೆ ಉರಿಗಾಂನಲ್ಲಿ ಅಣ್ಣ ತಂಗಿ ಹತ್ತಿದರು. ಜೊತೆಗೆ ಪಕ್ಕದ ಲೈನ್ ಮನೆಗಳ ರಾಧ. ದಿನಾ ಅವರು ಹತ್ತುತ್ತಿದ್ದದ್ದು ಇಸ್ಪೀಟಿನವರ ಡಬ್ಬಿಗೆ. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಾಲ್ವರು ಎದುರುಬದುರು ಕೂತು, ಎಂಟು ಮೊಣಕಾಲುಗಳ ಮೇಲೆ ಒಂದು ಟವೆಲ್ಲು ಬಿಗಿದು ಹಾಸಿ, ರೈಲು ಅಲ್ಲಾಡಿದರೂ ಎಲೆ ಅಲ್ಲಾಡದ ಹಾಗೆ ಆಡುತ್ತಾರೆ. ಆ ಟವೆಲ್ಲನ್ನು ಟಿ.ಸಿ. ಕೂಡ ಮುಟ್ಟುವುದಿಲ್ಲ. ಕಾಂತರಾಜ್ ಹೋದವನೇ ಅದರ ಮೇಲೆ ಪುಸ್ತಕ ಬಿಸಾಕಿದ.

"ಎನ್ನಪ್ಪಾ ಕಾಂತ!" ಎಂದು ಕುಪ್ಪುಸ್ವಾಮಿ ತಮಿಳಿನಲ್ಲಿ ಕೂಗಿ ಎಲೆಗಳನ್ನು ಎದೆಗವಚಿಕೊಂಡ. ಬೆಂಗಳೂರಿನಲ್ಲಿ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಗುಮಾಸ್ತ, ಗುಂಪಿಗೆಲ್ಲ ಹಿರಿಯ. "ಬೆಳಿಗ್ಗೆ ಬೆಳಿಗ್ಗೆ ಯಾರ ಮೇಲೆ ಯುದ್ಧಾ?"

"ಇದ್ರ ಮೇಲೆ. ನೀವು ಪಿಯುಸಿ ಓದಿದ್ದೀರಲ್ವಾ? ಇವಳ್ಗೆ ಹೇಳ್ಕೊಡಿ. ಇಲ್ದಿದ್ರೆ ಇವತ್ತು ಆಟ ಇಲ್ಲ."

"ಅಡ ಕಡವುಳೇ! ಅದು ಯಾವ ಕಾಲದ ಪಿಯುಸಿ!" ಅಂದರೂ ಕುಪ್ಪುಸ್ವಾಮಿ ಕನ್ನಡಕ ಏರಿಸಿದ. ಪುಟದ ಮೇಲೆ ಬೆರಳಾಡಿಸಿದ. ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿ ಹಠಾತ್ತನೆ ತೊಡೆ ತಟ್ಟಿದ. "ಏ, ಇದು ನಮ್ಮ ಆಟಾನೇ! ಎರಡು ಎಲೆ ಹುಡುಕಬೇಕು, ಅಷ್ಟೇ. ಗುಣಿಸಿದ್ರೆ ಈ ಕೊನೇ ಸಂಖ್ಯೆ ಬರಬೇಕು, ಕೂಡಿದ್ರೆ ನಡುವಿನ ಸಂಖ್ಯೆ ಬರಬೇಕು. ಪುಷ್ಪಾ ಕಣ್ಣು, ಹೇಳು ನೋಡೋಣ. ಗುಣಿಸಿದ್ರೆ ಇಪ್ಪತ್ನಾಲ್ಕು, ಕೂಡಿದ್ರೆ ಹನ್ನೊಂದು."

ಪುಷ್ಪ ಉಗುರು ಕಚ್ಚಿದಳು. "ಆರು... ನಾಲ್ಕು? ಅಲ್ಲ, ಅದು ಹತ್ತಾಯ್ತದೆ. ಎಂಟು ಮೂರು!"

"ಬಿತ್ತು!" ಎಂದು ಕುಪ್ಪುಸ್ವಾಮಿ ಇಸ್ಪೀಟಿನ ಎಂಟು ಮತ್ತು ಮೂರನ್ನು ಟವೆಲ್ಲಿನ ಮೇಲೆ ಬಡಿದ.

"ಮೈನಸ್ ಬಂದ್ರೆ?" ರಾಧ ಕೇಳಿದಳು.

"ಮೈನಸ್ಸಿಗೆ ಕೆಂಪು ಎಲೆ. ಪ್ಲಸ್ಸಿಗೆ ಕಪ್ಪು."

ಅಷ್ಟೇ ಆಗಿದ್ದು, ಡಬ್ಬಿಗೆ ಬೆಂಕಿ ಹತ್ತಿಕೊಂಡಿತು. ಕೋರಮಂಡಲ್ ದಾಟುವಷ್ಟರಲ್ಲಿ ಇಸ್ಪೀಟಿನ ನಾಲ್ವರೂ ಲೆಕ್ಕಕ್ಕಿಳಿದಿದ್ದರು. ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳು ಬೂದಿಬಣ್ಣಕ್ಕೆ ಕಿಟಕಿಯಲ್ಲಿ ಹಿಂದೆ ಸರಿಯುತ್ತಿದ್ದವು, ಯಾರೂ ನೋಡಲಿಲ್ಲ. "ಗುಣಿಸಿದ್ರೆ ಕೆಂಪು ಹನ್ನೆರಡು, ಕೂಡಿದ್ರೆ ಕಪ್ಪು ಒಂದು!" "ಕಪ್ಪು ನಾಲ್ಕು, ಕೆಂಪು ಮೂರು!" "ಥೂ, ನಾನು ಹೇಳ್ಬೇಕು ಅಂತಿದ್ದೆ!" ಬಾಗಿಲಲ್ಲಿ ಹಾಲಿನ ಕ್ಯಾನಿನ ಮೇಲೆ ಕೂತು ಬರುತ್ತಿದ್ದ ಅಕ್ಕಯ್ಯಮ್ಮ ಕೂಡ, ಎಕ್ಸು ಗೊತ್ತಿಲ್ಲದಿದ್ದರೂ, "ಏಳು ಐದ್ಲಾ, ಏಳು ಐದು!" ಎಂದು ಕೂಗತೊಡಗಿದಳು. ತಪ್ಪು ಹೇಳಿದವರು ಕಡಲೆಕಾಯಿ ಕೊಡಿಸಬೇಕು ಅಂತಾಯಿತು. ಬೆಂಗಳೂರು ಮುಟ್ಟುವ ಗಡಿಬಿಡಿಯಲ್ಲಿ ದಿನಾ ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದ ಡಬ್ಬಿ ಈಗ ಬಂಗಾರಪೇಟೆ ಬಂದಾಗ "ಅಯ್ಯೋ, ಇಳಿದುಬಿಡ್ತೀರಾ?" ಅನ್ನುತ್ತಿತ್ತು.

ಕೂಗಿದವರಲ್ಲಿ ಎಲ್ಲರಿಗಿಂತ ಜೋರು ಗಂಟಲು ಕಾಂತರಾಜನದೇ. ಅವನಿಗೂ ಎಲೆ ಬೀಳತೊಡಗಿತ್ತು. ಪೂರಿ ಕರಿಯುತ್ತ, ಉಬ್ಬಿದ್ದನ್ನು ಎತ್ತುತ್ತ, "ಗುಣಿಸಿದ್ರೆ ಮೂವತ್ತು, ಕೂಡಿದ್ರೆ ಹದಿಮೂರು" ಎಂದು ತನ್ನಷ್ಟಕ್ಕೆ ಕೇಳಿಕೊಂಡು, "ಹತ್ತು ಮೂರು!" ಎಂದು ಜಾಲರಿಯನ್ನು ಬಾಂಡ್ಲಿಯ ಅಂಚಿಗೆ ಬಡಿಯುತ್ತಿದ್ದ. ಮುನಿರಾಜಣ್ಣ "ಏಮಿರಾ, ಪಿಚ್ಚಿ ಪಟ್ಟಿಂದಾ?" ಎಂದು ತೆಲುಗಿನಲ್ಲಿ ಬೈಯುತ್ತಿದ್ದ. ಹುಚ್ಚೇ ಸರಿ. ಅದರ ಮಧ್ಯೆ ಇನ್ನೊಂದು ಹುಚ್ಚು: ಮೇಷ್ಟ್ರಿಗೆ ಕೊಡಬೇಕಾದ ಉತ್ತರವನ್ನು ಮಸೆಯುವುದು. ತಟ್ಟೆಗೆ ಆರು ಪೂರಿ ಅಂದಿರಲ್ಲ ಸಾರ್, ಆ ಆರು ಪೂರಿ ತಿಂದೇ ನನ್ನ ತಂಗಿ... ಅಲ್ಲ, ಇದು ಮೊಂಡಾಯಿತು. ನಿಮ್ಮ ರಿಸಲ್ಟು ನಿಮ್ಮ ಜೇಬಲ್ಲಿಟ್ಟುಕೊಳ್ಳಿ ಸಾರ್... ಇದು ಪರವಾಗಿಲ್ಲ. ಎಣ್ಣೆ ಕಾಯುವಷ್ಟರಲ್ಲಿ ಹೊಸದೊಂದು ಹೊಳೆಯುತ್ತಿತ್ತು.

ಶಾಲೆ ಬಿಟ್ಟ ಮೇಲೆ ಪುಷ್ಪ ಅಂಗಡಿಯ ಹಿಂದೆ, ಬೇಯಿಸಿದ ಬಟಾಣಿಯ ಡಬರಿ ಪಕ್ಕ ಕೂತು ಹೋಮ್‌ವರ್ಕು ಮಾಡುತ್ತಿದ್ದಳು. ಅಲ್ಲಿಯೇ ಒಂದು ಸಂಜೆ ಅವಳು ತೋಟದ ಉದ್ದಗಲದ ಲೆಕ್ಕ ಬಿಡಿಸಿ ತೋರಿಸಿದಳು. ಉತ್ತರ ಎರಡು ಬಂದಿತ್ತು. ಒಂದು ಪ್ಲಸ್, ಒಂದು ಮೈನಸ್.

"ಮೈನಸ್ ಹೊಡೆದು ಹಾಕಿದ್ದೀಯಲ್ಲ, ಯಾಕೆ?"

"ಅಗಲ ಮೈನಸ್ ಇರಕ್ಕೆ ಆಗಲ್ವಲ್ಲಣ್ಣ. ಗೈಡಲ್ಲೇ ಕೊಟ್ಟವ್ರೆ."

ಕಾಂತರಾಜ್ ಕುಣಿದುಬಿಟ್ಟ. ಇಡೀ ಬೀಜಗಣಿತದಲ್ಲಿ ಇದೊಂದು ಅವನಿಗೆ ಹಾಲು ಕುಡಿದಷ್ಟು ಸಲೀಸಾಗಿ ಒಳಗೆ ಇಳಿದಿತ್ತು. "ಮತ್ತೆ! ಮೈನಸ್ ಪೂರಿ ಯಾವನಾದ್ರೂ ತಿಂತಾನಾ? ಇದನ್ನ ಮೊದ್ಲೇ ಹೇಳೋದಲ್ವಾ! ಕೇಳ್ಕೋ, ಇನ್ಮೇಲೆ ಉತ್ತರದಲ್ಲಿ ಕೆಂಪು ಎಲೆ ಬಂತೋ, ಆಟದಲ್ಲಿ ಬಿಸಾಕಲ್ವಾ, ಹಂಗೇ ಬಿಸಾಕು. ಯೋಚನೆ ಮಾಡ್ಬೇಡ."

"ಎಲ್ಲದ್ರಲ್ಲೂನಾ?"

"ಎಲ್ಲದ್ರಲ್ಲೂ!"

ಅವಳು ನಂಬಿದಳು. ಅಷ್ಟು ಜೋರಾಗಿ ಹೇಳಿದರೆ ಯಾರು ತಾನೆ ನಂಬುವುದಿಲ್ಲ? ಪೂರ್ವಸಿದ್ಧತೆಗೆ ಮುಂಚಿನ ವಾರ ತರಗತಿಯಲ್ಲಿ ಕಿರು ಪರೀಕ್ಷೆ. ಹತ್ತು ಲೆಕ್ಕ, ಎಲ್ಲವೂ ಬರೀ ಸಮೀಕರಣಗಳು, ತೋಟವಿಲ್ಲ, ವಯಸ್ಸಿಲ್ಲ. ಪುಷ್ಪ ಹತ್ತನ್ನೂ ಬಿಡಿಸಿದಳು. ಮೈನಸ್ ಬಂದ ಕಡೆಯೆಲ್ಲ ಅಡ್ಡಗೆರೆ ಎಳೆದು ಬಿಸಾಕಿದಳು. ಮೇಷ್ಟ್ರು ಒಂದೊಂದರಲ್ಲೂ ಅರ್ಧ ಅಂಕ ಕತ್ತರಿಸಿದರು. ಎರಡೂ ಮೈನಸ್ ಬಂದಿದ್ದ ಲೆಕ್ಕಗಳಲ್ಲಿ ಅವಳು ಎರಡನ್ನೂ ಬಿಸಾಕಿ "ಉತ್ತರ ಇಲ್ಲ" ಎಂದು ಬರೆದಿದ್ದಳು. ಅದನ್ನು ತರಗತಿಗೆಲ್ಲ ಓದಿ ಹೇಳಿದರು.

ಭಾನುವಾರ ಬೆಳಿಗ್ಗೆ ಉರಿಗಾಂನ ಲೈನ್ ಮನೆಯ ಮುಂದೆ ಆ ಪೇಪರು ಕಾಂತರಾಜನ ಮುಖಕ್ಕೆ ಬಂದು ಬಡಿಯಿತು.

"ನಿನ್ನಿಂದಾನೇ ಎಲ್ಲಾ!" ಪುಷ್ಪ ಕಿರುಚಿದಳು. ಆ ಮನೆಯಲ್ಲಿ ಕೋಪ ಪಿತ್ರಾರ್ಜಿತ. "ಎಲ್ಲಾ ಸರಿಯಾಗೇ ಬಿಡಿಸಿದ್ದೆ. ನೀನು ಬಿಸಾಕು ಅಂದೆ, ಬಿಸಾಕ್ದೆ. ಬಟ್ಟೆ ಫ್ಯಾಕ್ಟರಿಗೇ ಓಗ್ತೀನಿ ಬಿಡು. ಅಲ್ಲಿ ಯಾರೂ ಎಕ್ಸ್ ಕೇಳಲ್ಲ."

ಕಾಂತರಾಜ್ ಪೇಪರು ಹಿಡಿದು ನಿಂತ. ಬೈಯಲು ಬಾಯಿ ತೆರೆದರೆ ಬೈಯಬೇಕಾದವನು ತಾನೇ. ಮೇಷ್ಟ್ರಿಗಾಗಿ ಮಸೆದಿಟ್ಟಿದ್ದೆಲ್ಲ ತಿರುಗಿ ಅವನನ್ನೇ ಚುಚ್ಚಿತು. "ಮೈನಸ್ ಅಂದ್ರೆ ಇಲ್ಲ ಅಂತ ತಾನೆ?" ಎಂದು ತೊದಲಿದ. "ಇಲ್ಲದ್ದನ್ನ ಇಟ್ಕೊಂಡು ಏನ್ ಮಾಡ್ತಾರೆ?"

ಜಗಲಿಯಲ್ಲಿ ತಾತ ದೊಡ್ಡವೆಂಕಟಪ್ಪ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ. ಗಣಿ ಮುಚ್ಚುವವರೆಗೂ ಕೆಳಗಿಳಿದು ದುಡಿದ ಮನುಷ್ಯ. ಎದೆಯಲ್ಲಿ ಸದಾ ಗೊರಗೊರ ಸದ್ದು. "ಏನ್ಲಾ ಅದು ಮೈನಸ್ಸು?" ಎಂದ.

"ಸೊನ್ನೆಗಿಂತ ಕೆಳಗೆ ಇರೋದು ತಾತ. ನಿಂಗೆ ಗೊತ್ತಾಗಲ್ಲ, ಬಿಡು."

"ಸೊನ್ನೆ ಯಾವ್ದು?"

"ಈಗ... ನೆಲ ಅಂತ ಇಟ್ಕೋ."

"ನೆಲಕ್ಕಿಂತ ಕೆಳಗಿರೋನು ಇಲ್ಲ ಅಂತೀಯೇನ್ಲಾ, ಮುಂಡೇದೇ!" ತಾತ ಊರುಗೋಲು ಎತ್ತಿಯೇಬಿಟ್ಟ. ಲೆಕ್ಕವೆಂದು ಅವನು ತಿಳಿದೇ ಇರಲಿಲ್ಲ, ತನ್ನನ್ನೇ ಅಂದರು ಅಂದುಕೊಂಡಿದ್ದ. "ಆ ಗಣಿಬಾಯಿನ ಹೆಡ್‌ಗೇರು ಗೋಪುರ ಮೇಲಕ್ಕೆ ನಿಂತದೆ, ಊರಿಗೆಲ್ಲ ಕಾಣ್ತದೆ. ಕಬ್ಬಿಣದ ಕೇಜಲ್ಲಿ ಕೆಳಕ್ಕೆ ಇಳಿದೋರು ಯಾರ್ಗೂ ಕಾಣಲ್ಲ. ಕಾಣ್ದೋರು ಇಲ್ವೇನ್ಲಾ? ನಾನಿರ್ಲಿಲ್ವಾ? ನನ್ ದುಡಿಮೇಲಿ ನಿಮ್ಮಪ್ಪ ಉಣ್ಲಿಲ್ವಾ? ಮೇಲಿರೋನ್ನ ಮಾತ್ರ ಬರ್ಕೊಂಡು ನನ್ನ ಒಡೆದಾಕ್ತೀಯಾ?" ಕೆಮ್ಮು ಬಂತು. ಕೆಮ್ಮಿನ ನಡುವೆಯೂ ಬೈಗುಳ ನಿಲ್ಲಲಿಲ್ಲ.

ಅಮ್ಮ ಮುನಿಶಾಮಮ್ಮ ಒಳಗಿಂದ ನೀರು ಹಿಡಿದು ಓಡಿಬಂದಳು. "ಬೆಳಿಗ್ಗೇನೇ ಮೂರು ಜನಕ್ಕೂ ಏನ್ ಬಂತು ರೋಗ?"

ಆದರೆ ಪುಷ್ಪ ನಗುತ್ತಿದ್ದಳು. ಅಳುತ್ತಿದ್ದವಳು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಮನೆಗಳ ಸಾಲಿನಾಚೆ ತುಕ್ಕು ಹಿಡಿದು ನಿಂತಿದ್ದ ಹೆಡ್‌ಗೇರನ್ನು ನೋಡಿದಳು, ನೆಲವನ್ನು ನೋಡಿದಳು. ಕಡ್ಡಿಯೊಂದನ್ನು ಎತ್ತಿಕೊಂಡು ಅಂಗಳದ ಮಣ್ಣಿನಲ್ಲಿ ಒಂದು ಉದ್ದ ಗೆರೆ ಎಳೆದು ನಡುವೆ ಸೊನ್ನೆ ಬರೆದಳು.

"ಅಣ್ಣಾ, ಇಲ್ಲಿ ನೋಡು. ಮೇಲೆ ನಾಲ್ಕು, ಇಲ್ಲಿ ಹೆಡ್‌ಗೇರು. ಕೆಳಗೆ ಒಂಬತ್ತು, ಇಲ್ಲಿ ತಾತ. ಬರೀ ಸಮೀಕರಣ ಕೊಟ್ರೆ ಇಬ್ರೂ ಇರ್ತಾರೆ. ಇಬ್ರನ್ನೂ ಬರೀಬೇಕು. ತೋಟದ ಅಗಲ, ಮನುಷ್ಯನ ವಯಸ್ಸು, ನಿನ್ನ ಪೂರಿ, ಇಂಥದ್ದು ಕೊಟ್ರೆ ಮಾತ್ರ ಕೆಳಗಿನದು ಬೇಡ. ಮೊದ್ಲು ಏನನ್ನ ಕೇಳವ್ರೆ ಅಂತ ನೋಡ್ಬೇಕು. ಆಮೇಲೆ ಬಿಸಾಕೋ ಮಾತು!"

ಕಾಂತರಾಜ್ ಮಣ್ಣಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಸೊನ್ನೆಯ ಕೆಳಗಿನ ಒಂಬತ್ತನ್ನು ಬೆರಳಿನಿಂದ ಮುಟ್ಟಿದ. "ಲೇ, ಹೌದಲ್ವಾ!" ಎಂದ. ಕತ್ತಿನ ನರಗಳು ಉಬ್ಬುವ ಹಾಗೆ ಖುಷಿಯಾಯಿತು ಅವನಿಗೆ. "ಇನ್ನೊಂದು ಕೊಡು! ಇನ್ನೊಂದು!" ಮಧ್ಯಾಹ್ನ ಮುದ್ದೆ ಆರಿ ತಣ್ಣಗಾಗುವವರೆಗೂ ಅಂಗಳದ ತುಂಬ ಗೆರೆಗಳು, ಸೊನ್ನೆಗಳು. ತಾತ ಕೋಪ ಇಳಿದ ಮೇಲೆ ಊರುಗೋಲಿನಿಂದ ತೋರಿಸಿ ಕೇಳುತ್ತಿದ್ದ: "ಇದ್ರಲ್ಲಿ ನಾನು ಎಲ್ಲವ್ನಿ?"

ಪೂರ್ವಸಿದ್ಧತೆಯ ದಿನ ಬಂಗಾರಪೇಟೆಯಲ್ಲಿ ಅವಳು ಇಳಿಯುವಾಗ ಕುಪ್ಪುಸ್ವಾಮಿ ಒಂದು ಕಪ್ಪು ಎಲೆ, ಒಂದು ಕೆಂಪು ಎಲೆ ಅವಳ ಕೈಗಿತ್ತ. "ಕಟ್ಟು ಒಡೆದುಹೋಯ್ತು, ಇನ್ನು ಇಸ್ಪೀಟೂ ಇಲ್ಲ. ಗೆದ್ದು ಬಾ ಕಣ್ಣು" ಎಂದ. ಅಕ್ಕಯ್ಯಮ್ಮ "ಏಳು ಐದು!" ಎಂದು ಕೂಗಿದಳು. ರೈಲು ಹೊರಟರೂ ನಾಲ್ಕು ತಲೆಗಳು ಕಿಟಕಿಯಿಂದ ಆಚೆಗೇ ಇದ್ದವು.

ಫಲಿತಾಂಶಕ್ಕೆ ಮತ್ತೆ ಪೋಷಕರ ಸಭೆ. ಅದೇ ಕೋಣೆ, ಅದೇ ಬೆಂಚು, ಸೆರಗಿನಲ್ಲಿ ನಕ್ಕ ಅದೇ ಹೆಂಗಸು. ಕಾಂತರಾಜ್ ಹಿಂದಿನ ಸಾಲಿನಲ್ಲಿ ಕೂತಿದ್ದ. ಮಸೆದಿಟ್ಟ ಉತ್ತರಗಳಲ್ಲಿ ಬಲು ಹರಿತವಾದದ್ದು ನಾಲಿಗೆಯ ತುದಿಯಲ್ಲಿತ್ತು.

"ಪುಷ್ಪ" ಎಂದು ಕರೆದು ಮೇಷ್ಟ್ರು ಉತ್ತರ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಐವತ್ತೆಂಟು."

ಕಾಂತರಾಜ್ ಎದ್ದು ನಿಲ್ಲಲು ಹೋದ, ಮೊಣಕಾಲು ಬೆಂಚಿಗೆ ಬಡಿಯಿತು.

"ಕೂತ್ಕೋ, ಕೂತ್ಕೋ. ಕಿರು ಪರೀಕ್ಷೆಯಲ್ಲಿ ಮೈನಸ್ಸೆಲ್ಲ ಬಿಸಾಕಿದ ಹುಡುಗಿ ಒಂದೇ ವಾರದಲ್ಲಿ ಒಂದನ್ನೂ ಬಿಟ್ಟಿಲ್ಲ. ಪಕ್ಕದಲ್ಲಿ ಕೂತಿದ್ದೋಳು ರಾಧ. ನನಗೇನೂ ಗೊತ್ತಾಗಲ್ವಾ?" ಮೇಷ್ಟ್ರು ಸೀಮೆಸುಣ್ಣ ಮುಂದೆ ಚಾಚಿದರು. "ಬಾಮ್ಮ ಇಲ್ಲಿ. ಎಲ್ಲರ ಮುಂದೆ ಮಾಡು. ಇಲ್ಲಿ ಆಗಲಿಲ್ಲ ಅಂದ್ರೆ ಈ ಐವತ್ತೆಂಟನ್ನ ಹೊಡೆದುಹಾಕ್ತೀನಿ."

ಹಲಗೆಯ ಮೇಲೆ ಬರೆದರು: ಎಕ್ಸ್ ವರ್ಗ, ಪ್ಲಸ್ ಐದು ಎಕ್ಸ್, ಮೈನಸ್ ಮೂವತ್ತಾರು, ಸಮ ಸೊನ್ನೆ.

ಪುಷ್ಪ ಹಲಗೆಯ ಮುಂದೆ ಬಂದು ನಿಂತಳು. ಸೀಮೆಸುಣ್ಣ ಹಲಗೆಗೆ ತಾಗಿ ಮುರಿಯಿತು. ಯಾರೋ ಕೆಮ್ಮಿದರು. ಕಾಂತರಾಜ್ ಬೆಂಚಿನ ಅಂಚನ್ನು ಹಿಡಿದ. ಗುಣಿಸಿದ್ರೆ ಕೆಂಪು ಮೂವತ್ತಾರು, ಕೂಡಿದ್ರೆ ಕಪ್ಪು ಐದು. ಆರಾರು? ಅಲ್ಲ. ಹನ್ನೆರಡು ಮೂರು? ಅಲ್ಲ, ಅಲ್ಲ. ಕಪ್ಪು ಒಂಬತ್ತು, ಕೆಂಪು ನಾಲ್ಕು! ಬಿತ್ತು! ಅವನಿಗೆ ಬಿತ್ತು, ಅವಳಿಗೆ? ಕೂಗುವ ಹಾಗಿಲ್ಲ. ರೈಲಾಗಿದ್ದರೆ ಇಡೀ ಡಬ್ಬಿ ಕೂಗುತ್ತಿತ್ತು. ಅವನು ಹಲ್ಲು ಕಚ್ಚಿಕೊಂಡ. ಪುಷ್ಪ ಲಂಗದ ಜೇಬಿಗೆ ಎಡಗೈ ಹಾಕಿ ಏನನ್ನೋ ಮುಟ್ಟಿಕೊಂಡಳು. ಆಮೇಲೆ ಸರಸರ ಬರೆದಳು. ಎರಡು ಆವರಣ, ಒಂದರಲ್ಲಿ ಪ್ಲಸ್ ಒಂಬತ್ತು, ಒಂದರಲ್ಲಿ ಮೈನಸ್ ನಾಲ್ಕು. ಸಮ ಚಿಹ್ನೆಯ ಆಚೆ ದಾಟಿದರೆ ಬಣ್ಣ ಬದಲಾಗುತ್ತದೆ. ಕೊನೆಯ ಸಾಲು: ಎಕ್ಸ್ ಸಮ ನಾಲ್ಕು, ಅಥವಾ ಮೈನಸ್ ಒಂಬತ್ತು. ಎರಡನ್ನೂ ಬಿಡಲಿಲ್ಲ.

"ಹೂಂ" ಎಂದರು ಮೇಷ್ಟ್ರು. "ಇನ್ನೊಂದು. ಒಂದು ಸೈಟು. ಉದ್ದ ಅಗಲಕ್ಕಿಂತ ಐದು ಮೀಟರು ಜಾಸ್ತಿ. ವಿಸ್ತೀರ್ಣ ಮೂವತ್ತಾರು ಚದರ ಮೀಟರು. ಅಗಲ ಎಷ್ಟು?"

ಪುಷ್ಪ ಬರೆಯಲು ಕೈಯೆತ್ತಿ ಅರ್ಧಕ್ಕೇ ನಿಲ್ಲಿಸಿದಳು. ಹಿಂದಿನ ಸಾಲಿನಲ್ಲಿ ಕಾಂತರಾಜ್ ಕತ್ತು ಚಾಚಿದ. ಅವಳು ಹಲಗೆಯ ಮೇಲಿನ ಹಳೆಯ ಲೆಕ್ಕವನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು, ಮುಖ ಇಷ್ಟಗಲವಾಯಿತು.

"ಸಾರ್, ಇದು ಅದೇ ಲೆಕ್ಕ!" ಎಂದಳು. "ಅಗಲ ಎಕ್ಸು, ಉದ್ದ ಎಕ್ಸ್ ಪ್ಲಸ್ ಐದು. ಗುಣಿಸಿದ್ರೆ ಅದೇ ಸಮೀಕರಣ ಬತ್ತದೆ. ಆದ್ರೆ ಇದು ಸೈಟು ಸಾರ್. ಮೈನಸ್ ಒಂಬತ್ತು ಅಗಲದ ಸೈಟು ಇರಲ್ಲ." ಬೇರೆ ಹೊಸ ಸಾಲೇ ಬರೆಯದೆ, ಮೈನಸ್ ಒಂಬತ್ತರ ಮೇಲೆ ಒಂದೇ ಒಂದು ಗೆರೆ ಎಳೆದಳು. "ನಾಲ್ಕು ಮೀಟರು."

ಮೊದಲು ಚಪ್ಪಾಳೆ ಹೊಡೆದದ್ದು ಸೆರಗಿನ ಹೆಂಗಸು. ಆಮೇಲೆ ಕೋಣೆಯೆಲ್ಲ ಹೊಡೆಯಿತು. ರಾಧಳ ಅಮ್ಮ ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕಿಯೇಬಿಟ್ಟಳು. ಮೇಷ್ಟ್ರು ಪೆನ್ನು ತೆಗೆದು, ಬೋರ್ಡ್ ಪರೀಕ್ಷೆಗೆ ಕೂರುವವರ ಪಟ್ಟಿಯಲ್ಲಿ ಪುಷ್ಪಳ ಹೆಸರು ಬರೆದರು. ಎಲ್ಲರಿಗೂ ಕಾಣುವ ಹಾಗೆ ಬರೆದರು. ಆಮೇಲೆ ತಲೆಯೆತ್ತಿ ಹಿಂದಿನ ಸಾಲಿಗೆ ನೋಡಿದರು. ಚಪ್ಪಾಳೆ ಇಳಿಯಿತು.

"ಕಾಂತರಾಜ, ಯಾರು ಹೇಳಿಕೊಟ್ಟಿದ್ದು ಇವಳಿಗೆ?"

ಕಾಂತರಾಜ್ ಎದ್ದು ನಿಂತ. ಈ ಸಲ ಮೊಣಕಾಲು ಬಡಿಯಲಿಲ್ಲ.

"ನಿನ್ನ ಮುಖ ನೋಡಿದರೆ ಗೊತ್ತಾಗುತ್ತೆ, ಏನೋ ಇಟ್ಟುಕೊಂಡು ಬಂದಿದ್ದೀಯ" ಎಂದರು ಮೇಷ್ಟ್ರು. ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ, ಪೂರ್ತಿ ಹೋಗಿಯೂ ಇರಲಿಲ್ಲ. "ಅವತ್ತು ಎಲ್ಲರ ಮುಂದೆ ಅಂದಿದ್ದೆ. ಇವತ್ತು ಎಲ್ಲರೂ ಇದ್ದಾರೆ. ಹೇಳಿಬಿಡು, ಏನು ಹೇಳ್ತೀಯ?"

ನಾಲಿಗೆಯ ತುದಿಯಲ್ಲಿ ಅದು ಇತ್ತು. ಇಡೀ ಕೋಣೆ ತಿರುಗಿ ಅವನನ್ನೇ ನೋಡುತ್ತಿತ್ತು. ಪುಷ್ಪ ಹಲಗೆಯ ಹತ್ತಿರ ನಿಂತು, ಮೂಗಿಗೆ ಮೆತ್ತಿದ ಸೀಮೆಸುಣ್ಣ ಒರೆಸಿಕೊಳ್ಳುವುದನ್ನೂ ಮರೆತು, ಅಣ್ಣನನ್ನು ನೋಡುತ್ತಿದ್ದಳು. ಅವಳ ಹಿಂದೆ ಹಲಗೆಯ ಮೇಲೆ ಅವಳ ಉತ್ತರ ಇನ್ನೂ ಅಳಿಸದೆ ಉಳಿದಿತ್ತು. ಅಣ್ಣ ಮಸೆದಿಟ್ಟಿದ್ದ ಎಲ್ಲ ಮಾತಿಗಿಂತ ಅದೇ ಹರಿತ.

ಕಾಂತರಾಜ್ ಬೆಂಚಿನಿಂದ ಆಚೆ ಬಂದ. ಬಾಗಿಲು ದಾಟಿದ. ಕಿಟಕಿಯ ಕೆಳಗೆ, ಅಂದು ಅವನ ಪುಸ್ತಕ ಬಿದ್ದಿದ್ದ ನಲ್ಲಿಯ ಪಕ್ಕದಿಂದ ಹಾದು ಗೇಟಿನ ಕಡೆ ನಡೆದ. "ಅಣ್ಣಾ!" ಎಂದು ಪುಷ್ಪ ನಗುತ್ತ ಕೂಗಿದ್ದು ಕೇಳಿಸಿತು, "ಏ, ಕೇಳ್ತಿರೋದು ನಿನ್ನನ್ನೇ ಕಣಯ್ಯ" ಎಂದು ಮೇಷ್ಟ್ರು ಕಿಟಕಿಗೆ ಬಂದು ಕೂಗಿದ್ದೂ ಕೇಳಿಸಿತು. ಬಾಂಡ್ಲಿಯ ಎಣ್ಣೆ ಕಾಯುವ ಹೊತ್ತಾಗಿತ್ತು. ಅವನು ತಿರುಗಿ ನೋಡದೆ ನಡೆದ.